ಜೌಗು ನೆಲಕ್ಕೊಂದು ಮನೆ



"ಜೂಗೆ ಹೋಗೋಣ ಬನ್ನಿ" ಎಂದು ಕರೆದರೆ ನಿಮ್ಮಲ್ಲಿ ಅರ್ಧ ಜನ "ನಾವೇನು ಚಿಕ್ಕ ಮಕ್ಕಳಾ ಆಂಟೀ?" ಎಂದು ನಗುತ್ತೀರಿ. ಉಳಿದ ಅರ್ಧ ಜನ "ಪ್ರಾಣಿಗಳನ್ನು ಕೂಡಿಹಾಕುವುದೇ ಅನ್ಯಾಯ" ಎಂದು ವಾದಕ್ಕೆ ನಿಲ್ಲುತ್ತೀರಿ. ನಗುವವರೂ ವಾದಿಸುವವರೂ ಇಬ್ಬರೂ ಈ ಲೇಖನವನ್ನು ಓದಬೇಕೆಂದು ನನ್ನ ಆಸೆ. ಮೃಗಾಲಯದಲ್ಲಿ ಪ್ರಾಣಿಗೊಂದು ಮನೆ ಕಟ್ಟುವುದು ಹೇಗೆ, ಅದರಲ್ಲೂ ಉಷ್ಣವಲಯದ ಜೌಗು ನೆಲದಂಥ ಮನೆಯನ್ನು ಕಟ್ಟುವುದು ಹೇಗೆ ಎಂಬುದು ಇಂದಿನ ವಿಷಯ.

ಜೌಗು ನೆಲವೇ ಏಕೆ ಎಂದು ಕೇಳುತ್ತೀರಾ? ಮರುಭೂಮಿ ಬೇಕೆಂದರೆ ಮರಳು ಸುರಿಯಬಹುದು. ಬೆಟ್ಟ ಬೇಕೆಂದರೆ ಸಿಮೆಂಟಿನಲ್ಲಿ ಬಂಡೆ ಮಾಡಬಹುದು. ಜೌಗಿನಲ್ಲಿ ಮುಖ್ಯವಾದದ್ದು ನೀರು. ಆ ನೀರು ಇಂದು ಇದ್ದ ಹಾಗೆ ನಾಳೆ ಇರುವುದಿಲ್ಲ. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮೀನು, ಹಕ್ಕಿ, ಕಪ್ಪೆ ಎಲ್ಲವೂ ಆ ಏರಿಳಿತವನ್ನು ನೋಡಿಕೊಂಡೇ ಬಾಳುವೆ ನಡೆಸುತ್ತವೆ. ಗುಂಡಿ ತೋಡಿ, ನೀರು ತುಂಬಿಸಿ, ನಾಲ್ಕು ಕಮಲ ಬಿಟ್ಟರೆ ಅದು ಕೊಳವಾದೀತು, ಜೌಗು ಆಗಲಾರದು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಕಂಬಿಯಿಂದ ಕಂದಕಕ್ಕೆ, ಕಂದಕದಿಂದ ಕಾಡಿಗೆ

ನಮ್ಮ ಅಜ್ಜ ಅಜ್ಜಿಯರ ಕಾಲದ ಮೃಗಾಲಯವೆಂದರೆ ಕಂಬಿಗಳ ಸಾಲು, ಕಂಬಿಯ ಹಿಂದೆ ಅತ್ತಿಂದಿತ್ತ ಅಡ್ಡಾಡುವ ಪ್ರಾಣಿ. ಜರ್ಮನಿಯ ಕಾರ್ಲ್ ಹಾಗನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ 1907ರಲ್ಲಿ ಹ್ಯಾಂಬರ್ಗ್ ಬಳಿಯ ಸ್ಟೆಲ್ಲಿಂಗನ್‌ನಲ್ಲಿ ಹೊಸ ಬಗೆಯ ಮೃಗಾಲಯ ತೆರೆದ. ಯಾವ ಪ್ರಾಣಿ ಎಷ್ಟು ದೂರ ಹಾರಬಲ್ಲದೆಂದು ಪರೀಕ್ಷಿಸಿ, ಕಂಬಿಯ ಬದಲು ಕಂದಕ ತೋಡಿಸಿದ. ಜನರ ಕಣ್ಣಿಗೆ ಸಿಂಹ ಬಯಲಿನಲ್ಲೇ ನಿಂತ ಹಾಗೆ ಕಂಡಿತು.

ನಮ್ಮ ದೆಹಲಿಯವರಿಗೆ ಇದು ದೂರದ ಕತೆಯಲ್ಲ. ಪುರಾನಾ ಕಿಲಾದ ಪಕ್ಕದಲ್ಲಿರುವ ನಮ್ಮ ಜೂಗೆ ನಕ್ಷೆ ಮಾಡಿಕೊಟ್ಟದ್ದು ಇದೇ ಹಾಗನ್‌ಬೆಕ್ ಮನೆತನದವರ ಸಂಸ್ಥೆ. 1959ರ ನವೆಂಬರ್ 1ರಂದು ಅದು ಜನರಿಗೆ ತೆರೆಯಿತು. ಹುಲಿಗೂ ನಿಮಗೂ ನಡುವೆ ಕಂಬಿ ಇಲ್ಲದೆ ಕಂದಕ ಇರುವುದು ಅದಕ್ಕೇ. ಕಂದಕ ಪ್ರಾಣಿಯನ್ನು ತಡೆಯಬೇಕು, ಮನುಷ್ಯನನ್ನೂ ತಡೆಯಬೇಕು. 2014ರ ಸೆಪ್ಟೆಂಬರಿನಲ್ಲಿ ಬಿಳಿ ಹುಲಿಯ ಆವರಣದೊಳಕ್ಕೆ ಬಿದ್ದ ಯುವಕನೊಬ್ಬ ಪ್ರಾಣ ಕಳೆದುಕೊಂಡದ್ದು ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು.

ಮುಂದಿನ ಹೆಜ್ಜೆ ಇಟ್ಟದ್ದು ಅಮೆರಿಕದ ಸಿಯಾಟಲ್ ನಗರದ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯ, 1970ರ ದಶಕದಲ್ಲಿ. ಆಗಿನ ನಿರ್ದೇಶಕ ಡೇವಿಡ್ ಹ್ಯಾನ್‌ಕಾಕ್ಸ್, ಉದ್ಯಾನ ವಿನ್ಯಾಸಕಾರರಾದ ಗ್ರಾಂಟ್ ಜೋನ್ಸ್ ಮತ್ತು ಜಾನ್ ಕೋ ಕೂಡಿ ಗೊರಿಲ್ಲಾಗಳಿಗೆ ಹೊಸ ಮನೆ ಮಾಡಿದರು. ಅವರ ವಿಚಾರ ಸರಳವಾದದ್ದು: ಪ್ರಾಣಿಯನ್ನು ನಮ್ಮ ಉದ್ಯಾನಕ್ಕೆ ತರುವುದು ಬೇಡ, ನೋಡಲು ಬಂದವರನ್ನು ಪ್ರಾಣಿಯ ಕಾಡಿಗೆ ಕಳಿಸೋಣ. ನೀವು ನಡೆಯುವ ದಾರಿಯ ಪಕ್ಕದ ಗಿಡಗಳೂ ಪ್ರಾಣಿಯ ಜಾಗದ ಗಿಡಗಳೂ ಒಂದೇ ಜಾತಿಯವು. ದಾರಿ ಬಳಸಿ ಬಳಸಿ ಹೋಗುವುದರಿಂದ ಎದುರಿಗೆ ಇನ್ನೊಂದು ಗುಂಪು ಐಸ್‌ಕ್ರೀಂ ಹಿಡಿದು ನಿಂತಿರುವುದು ಕಾಣುವುದಿಲ್ಲ. ಬೇಲಿ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಪ್ರಾಣಿ ನಿಮ್ಮ ಕಣ್ಣಿನ ಮಟ್ಟದಲ್ಲಿ ಇಲ್ಲವೇ ಅದಕ್ಕಿಂತ ಎತ್ತರದಲ್ಲಿರುತ್ತದೆ, ಬಾವಿಯಲ್ಲಿ ಬಗ್ಗಿ ನೋಡಿದ ಹಾಗೆ ನೋಡುವ ಮಾತೇ ಇಲ್ಲ. ಇದಕ್ಕೆ ಅವರು ಇಟ್ಟ ಹೆಸರು ಲ್ಯಾಂಡ್‌ಸ್ಕೇಪ್ ಇಮ್ಮರ್ಶನ್. ನೋಡುಗರನ್ನು ಪರಿಸರದಲ್ಲೇ ಮುಳುಗಿಸುವುದು ಎಂದು ಹೇಳಬಹುದು.

ಹತ್ತು ಮೀಟರ್ ಏರುವ ನೀರು

ಈ ವಿಚಾರ ಜೌಗಿಗೆ ಹೇಗೆ ಒಗ್ಗುತ್ತದೆ ಎಂದು ನೋಡಲು ಸಿಂಗಾಪುರಕ್ಕೆ ಹೋಗೋಣ. ಭೂಮಧ್ಯರೇಖೆಯ ಹತ್ತಿರದ ಊರು, ವರ್ಷವಿಡೀ ಸೆಕೆ, ವರ್ಷವಿಡೀ ಮಳೆ. ಉಷ್ಣವಲಯದ ಗಿಡಕ್ಕೆ ಗಾಜಿನ ಮನೆ ಬೇಕಿಲ್ಲ. ಅಲ್ಲಿಯ ಮೃಗಾಲಯ 1973ರಲ್ಲಿ ಒಂದು ಜಲಾಶಯದ ದಡದಲ್ಲಿ ಆರಂಭವಾಯಿತು. ಅದರ ವಿನ್ಯಾಸಕ್ಕೆ ಸಲಹೆ ಕೊಟ್ಟವರು ಶ್ರೀಲಂಕಾದ ಲಿನ್ ಡಿ ಆಲ್ವಿಸ್. ಕಂಬಿ ಇಲ್ಲದ ಮೃಗಾಲಯವೆಂದು ಅದು ಹೆಸರು ಮಾಡಿತು. ಆದರೆ ಮೊದಲ ವರ್ಷಗಳಲ್ಲೇ ಕಾಂಗೋ ಎಂಬ ನೀರಾನೆ ತಪ್ಪಿಸಿಕೊಂಡು ಜಲಾಶಯಕ್ಕಿಳಿದು ಸುಮಾರು ಒಂದೂವರೆ ತಿಂಗಳು ಅಲ್ಲೇ ಹಾಯಾಗಿತ್ತು! ಕಾಣದ ಬೇಲಿ ಬೇಕು ನಿಜ, ಆದರೆ ಬೇಲಿಯೇ ಇಲ್ಲದ ಹಾಗೆ ಆಗಬಾರದು ನೋಡಿ.

ಅದೇ ಆವರಣದ ಪಕ್ಕದಲ್ಲಿ ನದಿಗಳಿಗೆಂದೇ ಇನ್ನೊಂದು ಮೃಗಾಲಯ ಬಂತು. ಮೊದಲು ರಿವರ್ ಸಫಾರಿ ಎಂದಿದ್ದ ಅದಕ್ಕೆ 2021ರಿಂದ ರಿವರ್ ವಂಡರ್ಸ್ ಎಂದು ಹೆಸರು. ಅಲ್ಲಿಯ ಮುಖ್ಯ ಆಕರ್ಷಣೆ 'ಅಮೆಜಾನ್ ಫ್ಲಡೆಡ್ ಫಾರೆಸ್ಟ್', ಅಂದರೆ ನೀರಿನಲ್ಲಿ ನಿಂತ ಕಾಡು.

ಅಮೆಜಾನ್ ನದಿಯ ಮಧ್ಯಭಾಗದಲ್ಲಿ ಮಳೆಗಾಲ ಬಂತೆಂದರೆ ನೀರು ಹತ್ತು ಮೀಟರಿನಷ್ಟು ಏರುತ್ತದೆ. ಹತ್ತು ಮೀಟರ್ ಎಂದರೆ ಮೂರು ಮಹಡಿ. ನದಿಯ ಬದಿಯ ಕಾಡು ತಿಂಗಳುಗಟ್ಟಲೆ ಮುಳುಗಿರುತ್ತದೆ, ಮರಗಳು ಮಾತ್ರ ಸಾಯುವುದಿಲ್ಲ. ಬೇಸಿಗೆಯಲ್ಲಿ ಮನುಷ್ಯ ನಡೆದಾಡಿದ ಜಾಗದಲ್ಲಿ ಮಳೆಗಾಲದಲ್ಲಿ ಮೀನು ಈಜುತ್ತದೆ, ಕೊಂಬೆಯಿಂದ ಬಿದ್ದ ಹಣ್ಣನ್ನು ಹಿಡಿದು ತಿನ್ನುತ್ತದೆ, ಬೀಜವನ್ನು ದೂರ ಒಯ್ದು ಹಾಕುತ್ತದೆ. ನಮ್ಮ ಕಡೆ ಹಕ್ಕಿ ಮಾಡುವ ಕೆಲಸವನ್ನು ಅಲ್ಲಿ ಮೀನೂ ಮಾಡುತ್ತದೆ.

ಸಿಂಗಾಪುರದಲ್ಲಿ ತೋರಿಸಿರುವುದು ನೀರು ಏರಿನಿಂತ ಈ ಕಾಲವನ್ನು. ದೊಡ್ಡ ತೊಟ್ಟಿಯೊಳಗೆ ಮರದ ಕಾಂಡಗಳು, ಬೇರುಗಳು, ಅವುಗಳ ನಡುವೆ ಮನಾಟಿ ಎಂಬ ನೀರುಹಸುಗಳು, ಆಳೆತ್ತರ ಮೀರಿದ ಅರಪೈಮಾ ಮೀನುಗಳು. ಮುಂದೆ 22 ಮೀಟರ್ ಉದ್ದ, 4 ಮೀಟರ್ ಎತ್ತರದ ಪಾರದರ್ಶಕ ಗೋಡೆ. ಪಕ್ಕದಲ್ಲೇ ಅಮೆಜಾನಿನ ದೈತ್ಯ ನೀರುನಾಯಿಗಳಿಗೆ ಬೇರೆ ಜಾಗ. ಮಗನ ಸಂಸಾರದೊಡನೆ ನಾನು ಅಲ್ಲಿಗೆ ಹೋಗಿದ್ದೆ. ಹೊರಗೆ ಸೆಕೆಯಲ್ಲಿ ಜಗಳವಾಡುತ್ತ ಬಂದ ಮಕ್ಕಳು ಒಳಗೆ ಬಂದು ಆ ಗೋಡೆಯ ಮುಂದೆ ಕೂತರೆ ತಾವಾಗಿ ಸುಮ್ಮನಾಗುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ಮಾತ್ರ "ಇದು ಟೀವಿನಾ?" ಎಂದು ತಂದೆಯನ್ನು ಕೇಳಿದಳು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ತೆರೆಯ ಹಿಂದಿನ ಅಡುಗೆಮನೆ

ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ ಕಾಣುತ್ತದೆ, ಹಿಂದೆ ಒಲೆಯ ಮುಂದೆ ಬೆವರುವವರು ಕಾಣುವುದಿಲ್ಲ. ಜೌಗು ಮನೆಯಲ್ಲೂ ಹಾಗೆಯೇ.

ಬೆಳೆದ ಮನಾಟಿಯೊಂದು ಅರ್ಧ ಟನ್ನಿನಷ್ಟು ತೂಗುತ್ತದೆ, ದಿನಕ್ಕೆ 40 ಕಿಲೋದಷ್ಟು ಸೊಪ್ಪು ಸದೆ ತಿನ್ನಬಲ್ಲದು. ತಿಂದದ್ದು ಅದೇ ನೀರಿಗೆ ಹೊರಬರುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆ ಆ ವಾಸನೆ ಗೊತ್ತು. ಸೆಗಣಿ ಗಂಜಲದಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಆದ್ದರಿಂದ ತೊಟ್ಟಿಯ ನೀರು ಸುತ್ತುತ್ತಲೇ ಇರಬೇಕು. ಮೊದಲು ಮರಳಿನಂಥ ಸೋಸುವ ಪದರಗಳಲ್ಲಿ ಕಸ ನಿಲ್ಲುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ನೆಲೆಸಿದ ತೊಟ್ಟಿಗಳಲ್ಲಿ ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಗಿಡದ ಬೇರು ಹೀರಬಹುದು, ಇಲ್ಲವೇ ನೀರು ಬದಲಿಸಬೇಕು. ರೋಗಾಣು ಕೊಲ್ಲಲು ಓಝೋನ್ ಅಥವಾ ಅಲ್ಟ್ರಾವಯಲೆಟ್ ಬೆಳಕು. ನಿಜವಾದ ಜೌಗು ಈ ಕೆಲಸವನ್ನು ತನ್ನ ಕೆಸರು, ಜೊಂಡು, ಬೇರುಗಳಿಂದ ಪುಕ್ಕಟೆಯಾಗಿ ಮಾಡುತ್ತದೆ. ಮೃಗಾಲಯ ಹಗಲಿರುಳು ವಿದ್ಯುತ್ ಉರಿಸಿ ಮಾಡಬೇಕು. ಊರಿನ ಕೆರೆಯನ್ನು ಮುಚ್ಚಿ ಸೈಟ್ ಮಾಡುವವರಿಗೆ ಈ ಲೆಕ್ಕವನ್ನೊಮ್ಮೆ ತೋರಿಸಬೇಕು!

ವಿನ್ಯಾಸಕಾರರ ಮುಂದೆ ಮೂರು ಜನರ ಬೇಡಿಕೆ ಇರುತ್ತದೆ. ಒಂದು ಪ್ರಾಣಿಯದು, ಎರಡು ಅದನ್ನು ನೋಡಿಕೊಳ್ಳುವ ಕೆಲಸಗಾರನದು, ಮೂರು ಟಿಕೆಟ್ ಕೊಂಡು ಬಂದ ನಮ್ಮದು. ಪ್ರಾಣಿಗೆ ಅಡಗಿಕೊಳ್ಳಲು ಜಾಗ ಬೇಕು, ಕೆಲಸಗಾರನಿಗೆ ಸುಲಭವಾಗಿ ತೊಳೆಯುವ ನೆಲ ಬೇಕು, ನಮಗೆ ಪ್ರಾಣಿ ಸದಾ ಎದುರಿಗೇ ಇರಬೇಕು. ಮೂವರೂ ಒಂದೇ ಸಲ ಸಂತೋಷಪಡುವುದು ಕಷ್ಟ. ನೀರುನಾಯಿಯನ್ನೇ ತೆಗೆದುಕೊಳ್ಳಿ. ನೋಡುವವರಿಗೆ ಅದು ನೀರಿನೊಳಗೆ ಈಜಬೇಕು. ಅದಕ್ಕೋ, ಮೈ ಒರೆಸಿಕೊಳ್ಳಲು, ಬಿಲ ತೋಡಲು, ಮರಿ ಮಾಡಲು ಒಣ ಮಣ್ಣಿನ ದಡ ಧಾರಾಳವಾಗಿ ಬೇಕು. ಗಟ್ಟಿ ಸಿಮೆಂಟ್ ನೆಲದಲ್ಲಿ ಓಡಾಡಿದರೆ ಅಂಗಾಲು ಹುಣ್ಣಾಗುತ್ತದೆ. ಹೆಸರಿನಲ್ಲಿ ನೀರಿದೆ ಎಂದು ನೀರನ್ನಷ್ಟೇ ಕೊಟ್ಟರೆ ಅದಕ್ಕೆ ಕಷ್ಟ ತಪ್ಪಿದ್ದಲ್ಲ.

ಇನ್ನೊಂದು ಮಾತು. ಅಮೆಜಾನಿನ ಬಹುಪಾಲು ನೀರು ಕೆಸರು ಬಣ್ಣದ್ದು, ಇಲ್ಲವೇ ಡಿಕಾಕ್ಷನ್ನಿನಂತೆ ಕಪ್ಪು. ಆ ಪ್ರಾಣಿಗಳಿಗೆ ಅದೇ ಅಭ್ಯಾಸ. ತೊಟ್ಟಿಯ ನೀರು ಸ್ಫಟಿಕದಂತೆ ಇರುವುದು ನಮ್ಮ ಕಣ್ಣಿಗಾಗಿ. ಅಲ್ಲಿರುವ ಮನಾಟಿಯೂ ಅಮೆಜಾನ್ ನದಿಯೊಳಗಿನ ಜಾತಿಯದಲ್ಲ, ಕೆರಿಬಿಯನ್ ಕಡೆಯ ಅದರ ದಾಯಾದಿ. ಇದನ್ನು ಮೋಸ ಎನ್ನಲಾರೆ. ಆದರೆ ಯಾವುದು ನಿಜ, ಯಾವುದು ನಮ್ಮ ಅನುಕೂಲಕ್ಕೆ ಮಾಡಿದ್ದು ಎಂದು ತಿಳಿದು ನೋಡಬೇಕು. ಕೆಲವು ಮೃಗಾಲಯಗಳಲ್ಲಿ ನೋಡುಗರ ಕಡೆಗೆ ದಟ್ಟ ಕಾಡು ಇರುತ್ತದೆ. ಪ್ರಾಣಿಯ ಕಡೆಯ ಗಿಡಗಳಿಗೆಲ್ಲ ಅದು ಮುಟ್ಟದಂತೆ ಕರೆಂಟಿನ ತಂತಿ ಸುತ್ತಿರುತ್ತದೆ. ರಾತ್ರಿ ಅದು ಮಲಗುವುದು ಬೋಳು ಸಿಮೆಂಟ್ ಕೋಣೆಯಲ್ಲಿ. ಅಂಥಲ್ಲಿ ಕಾಡಿನೊಳಗೆ ಮುಳುಗಿದವರು ನಾವು ಮಾತ್ರ, ಪ್ರಾಣಿ ಅಲ್ಲ.

2016ರಲ್ಲಿ ಸಿಂಗಾಪುರದಿಂದ ಎರಡು ಗಂಡು ಮನಾಟಿಗಳನ್ನು ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪಕ್ಕೆ ಕಳಿಸಿದರು. ಮನಾಟಿಗಳು ಅಳಿದುಹೋಗಿದ್ದ ಆ ಕಡಲಿನಲ್ಲಿ ಮತ್ತೆ ಸಂತತಿ ಬೆಳೆಸಬೇಕೆಂಬುದು ಉದ್ದೇಶ. ಕೆಲವೇ ವಾರಗಳಲ್ಲಿ ಅವುಗಳಲ್ಲೊಂದು ತೀರಿಕೊಂಡಿತು. ಎಷ್ಟೇ ಚೆನ್ನಾಗಿ ಕಟ್ಟಿದ ಮನೆಯಿಂದಲೂ ಹೊರಟು ಮತ್ತೆ ತವರಿಗೆ ಸೇರುವುದು ಸುಲಭವಲ್ಲ. ಆದ್ದರಿಂದ ತವರನ್ನೇ ಉಳಿಸಿಕೊಳ್ಳುವುದು ಮೊದಲ ಕೆಲಸ.

ಕರೆಯದೆ ಬಂದ ಅತಿಥಿಗಳು

ಹಾಗಾದರೆ ಒಂದು ಜೌಗು ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಪತ್ರಿಕೆಯವರೂ ಅಲ್ಲ, ನಾನೂ ಅಲ್ಲ. ಬೀಗ ಹಾಕದಿದ್ದರೂ ಬಂದು ನೆಲೆಸುವ ಜೀವಿಗಳೇ ಹೇಳಬೇಕು. ಇದಕ್ಕೆ ಉದಾಹರಣೆ ನಮ್ಮ ದೆಹಲಿಯಲ್ಲೇ ಇದೆ.

ದೆಹಲಿ ಜೂ ತೆರೆದ ಮರುವರ್ಷ, 1960ರಲ್ಲಿ, ಅಲ್ಲಿಯ ಕೊಳಗಳ ನಡುಗಡ್ಡೆಯ ಮರಗಳಿಗೆ ಕಾಡಿನ ಬಣ್ಣದ ಕೊಕ್ಕರೆಗಳು ತಾವಾಗಿ ಬಂದು ಗೂಡು ಕಟ್ಟಿದವು. ಆಮೇಲೂ ಮಳೆ ಮುಗಿಯುವ ಹೊತ್ತಿಗೆ ಬರುವುದು, ಮರಿಗಳನ್ನು ದೊಡ್ಡದು ಮಾಡಿಕೊಂಡು ಬೇಸಿಗೆ ಬರುವ ಮೊದಲು ಹೊರಡುವುದು, ಇದೇ ಅವುಗಳ ಪದ್ಧತಿಯಾಯಿತು. ಪಂಜರವಿಲ್ಲ, ಟಿಕೆಟ್ಟಿಲ್ಲ, ಫಲಕ ಹಾಕಿ ಕರೆದವರಿಲ್ಲ. ಸುತ್ತ ನೀರಿರುವ ಮರ ಗೂಡಿಗೆ ಸುರಕ್ಷಿತವೆಂದು ಅವುಗಳಿಗೆ ಗೊತ್ತು.

ಆದರೆ ಮರಿಗಳಿಗೆ ಬೇಕಾದ ಮೀನು ಪೂರ್ತಿಯಾಗಿ ಆ ಕೊಳಗಳಲ್ಲಿ ಸಿಗುವುದಿಲ್ಲ. ತಂದೆ ತಾಯಿ ಹಕ್ಕಿಗಳು ಯಮುನೆಯ ಬಯಲಿಗೆ, ಸುತ್ತಲಿನ ಕೆರೆ ಹಳ್ಳಗಳಿಗೆ ಹಾರಿ ತರುತ್ತವೆ. ಮಳೆಯ ನೀರು ಹರಡಿ ಮೀನು ಹೆಚ್ಚುವ ಕಾಲ ನೋಡಿಯೇ ಅವು ಮೊಟ್ಟೆ ಇಡುತ್ತವೆ. ಯಮುನೆಯ ಜೌಗು ಒಣಗಿದರೆ ಜೂನ ಮರಗಳೂ ಬರಿದಾಗುತ್ತವೆ. ಜೌಗಿನ ಮನೆಗೆ ಕಾಂಪೌಂಡ್ ಇಲ್ಲ ಎಂಬುದನ್ನು ಈ ಕೊಕ್ಕರೆಗಳು ಕಲಿಸುತ್ತವೆ. ಒಳ್ಳೆಯದು ಬಂದ ದಾರಿಯಲ್ಲೇ ಕೆಟ್ಟದ್ದೂ ಬರುತ್ತದೆ. 2016ರ ಅಕ್ಟೋಬರಿನಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡು ಹಕ್ಕಿಗಳು ಸತ್ತವು, ಜೂವನ್ನು ಕೆಲವು ತಿಂಗಳು ಮುಚ್ಚಬೇಕಾಯಿತು.

ಊರಿಗೆ ಹೋದಾಗ ನೀವು ನೋಡುವ ರಂಗನತಿಟ್ಟೂ ಇಂಥದೇ ಕತೆ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ್ದರಿಂದ ಅಲ್ಲಿ ನಡುಗಡ್ಡೆಗಳಾದವು, ಹಕ್ಕಿಗಳು ಬಂದವು. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಮೈಸೂರು ಮಹಾರಾಜರು ಅದನ್ನು ಪಕ್ಷಿಧಾಮವೆಂದು ಸಾರಿದರು. ಮನುಷ್ಯ ಕಟ್ಟಿದ ಒಡ್ಡು, ಹಕ್ಕಿ ಒಪ್ಪಿದ ಮನೆ.

ಕತ್ತಲೆಕಾನಿನ ನಕ್ಷೆ

ಈಗ ನಿಮಗೊಂದು ಕೆಲಸ. ಅಮೆಜಾನ್ ಬಿಡಿ, ಕನ್ನಡನಾಡಿನದೇ ಒಂದು ಜೌಗಿಗೆ ಮನೆ ಕಟ್ಟುವುದಾದರೆ ನಕ್ಷೆ ಹೇಗಿರಬೇಕು?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಕಾನು ಎಂದರೆ ಸದಾ ಹಸಿರಿನ ದಟ್ಟ ಕಾಡು. ಹೆಸರೇ ಹೇಳುವಂತೆ ಹಗಲಲ್ಲೂ ಕತ್ತಲು. ಅಲ್ಲಿ ಹಳ್ಳದ ನೀರು ತೆಳ್ಳಗೆ ಹರಡಿ ಕಪ್ಪು ಕೆಸರಾದ ಕಡೆ ಕಾಡುಜಾಯಿಕಾಯಿ ಮರಗಳು ಬೆಳೆಯುತ್ತವೆ. ನಿಮ್ಮ ತಾಯಿ ಹೋಳಿಗೆಗೆ ಹಾಕುವ ಜಾಯಿಕಾಯಿಯ ಬಂಧುಗಳು ಇವು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲವಾದ್ದರಿಂದ ಕೆಲವು ಮರಗಳ ಬೇರು ಮೊಣಕಾಲು ಮಡಚಿದಂತೆ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತದೆ. ಇನ್ನು ಕೆಲವು ಊರುಗೋಲಿನಂಥ ಬೇರುಗಳ ಮೇಲೆ ನಿಂತಿರುತ್ತವೆ. ಮೇಲೆ ಕೊಂಬೆಗಳಲ್ಲಿ ಸಿಂಗಳೀಕಗಳು, ಮಂಗಟ್ಟೆ ಹಕ್ಕಿಗಳು. ಈ ಭಾಗದ ಸಿಂಗಳೀಕಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು.

ಕೆಳಗೆ ಹಳ್ಳದಲ್ಲಿ ಇನ್ನೂ ಒಬ್ಬ ನಿವಾಸಿ ಇದ್ದಾನೆ. 2014ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ಮುಂಗೈಯಿಂದ ಹಳ್ಳದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಕೆಗೆ ಮಣ್ಣು ಹಚ್ಚುವ ಕುಂಬಾರನ ಹಾಗೆ. ಅದರ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ 'ಕುಂಬಾರ' ಸೇರಿಕೊಂಡಿದ್ದಾನೆ.

ಈಗ ಪೆನ್ಸಿಲ್ ಹಿಡಿಯಿರಿ. ಮೊದಲ ಪ್ರಶ್ನೆ, ಎಲ್ಲಿ ಕಟ್ಟುತ್ತೀರಿ? ದೆಹಲಿಯ ಜನವರಿಯ ಚಳಿಯಲ್ಲಿ ಇದು ಬದುಕದು. ಗಾಜಿನ ಮನೆ ಕಟ್ಟಿ ಬಿಸಿ ಮಾಡಬೇಕು, ಅದು ಊಟಕ್ಕಿಂತ ಉಪ್ಪಿನಕಾಯಿಗೇ ಹೆಚ್ಚು ಖರ್ಚು ಮಾಡಿದ ಹಾಗೆ. ಮಂಗಳೂರಿನ ಪಿಲಿಕುಳದಂಥ ಕರಾವಳಿಯ ಜಾಗವೇ ಸರಿ. ಪಿಲಿಕುಳ ಎಂದರೆ ತುಳುವಿನಲ್ಲಿ ಹುಲಿಯ ಕೊಳ. ಸೆಕೆ, ಮಳೆ, ಮಣ್ಣು ಎಲ್ಲವೂ ಅಲ್ಲಿ ಇದ್ದದ್ದೇ.

ಎರಡನೆಯದು ನೀರು. ಆಳದ ಕೊಳ ಬೇಡ. ತೆಳ್ಳಗೆ, ನಿಧಾನವಾಗಿ ಹರಿಯುವ ನೀರು ಬೇಕು, ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಹಾಗೆ ಬಿಡಬೇಕು. ಮಳೆಗಾಲದಲ್ಲಿ ಬಂದವರಿಗೆ ಒಂದು ನೋಟ, ಬೇಸಿಗೆಯಲ್ಲಿ ಬಂದವರಿಗೆ ಇನ್ನೊಂದು. ಮೂರನೆಯದು ದಾರಿ. ಕೆಸರಿನ ಮೇಲೆ ಹಲಗೆಯ ಕಿರುದಾರಿ ಇರಲಿ. ಬೇರುಗಳು ನಿಮ್ಮ ಕಾಲಿನ ಹತ್ತಿರ, ಸಿಂಗಳೀಕಗಳು ನಿಮ್ಮ ತಲೆಯ ಮೇಲೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಪ್ರವೇಶದಲ್ಲಿ ಹತ್ತಿಪ್ಪತ್ತು ಹೆಜ್ಜೆ ನೆರಳಿರಲಿ. ನಾಲ್ಕನೆಯದು ಅಡಗುವ ಜಾಗ. ಮಂಗ ಬೇಡವೆಂದರೆ ನಮಗೆ ಕಾಣದಿರುವ ಸ್ವಾತಂತ್ರ್ಯ ಅದಕ್ಕಿರಬೇಕು. ಐದನೆಯದು ಮನುಷ್ಯ. ಇಂಥ ಜೌಗುಗಳು ಎಷ್ಟೋ ಕಡೆ ಗದ್ದೆಯಾದದ್ದು, ಅಡಿಕೆ ತೋಟವಾದದ್ದು ನಿಜ. ತೋಟಕ್ಕೆ ನೀರು ತಿರುಗಿಸಿದ ಕಾಲುವೆಯನ್ನೂ ನಕ್ಷೆಯಲ್ಲಿ ತೋರಿಸಿ. ತೋಟದವರನ್ನು ಬೈಯುವುದಕ್ಕಲ್ಲ. ಅದೇ ನೀರನ್ನು ಕಾಡೂ ತೋಟವೂ ಹಂಚಿಕೊಳ್ಳಬೇಕು ಎಂದು ನೋಡುವವರಿಗೆ ತಿಳಿಯಲಿ ಎಂದು.

ಇಷ್ಟಾದರೂ ಒಂದು ವಸ್ತು ನಿಮ್ಮ ನಕ್ಷೆಗೆ ಸಿಗುವುದಿಲ್ಲ. ಅದು ಕಾಲ. ಕಾಡುಜಾಯಿಕಾಯಿಯ ಬೀಜ ಒಣಗಿಸಿ ಡಬ್ಬಿಯಲ್ಲಿಡುವಂಥದಲ್ಲ, ತಾಜಾ ಇದ್ದಾಗಲೇ ಕೆಸರಿಗೆ ಬೀಳಬೇಕು. ಸಸಿ ಮರವಾಗಿ, ಬೇರು ಮೊಣಕಾಲು ಮಡಚಿ, ಮಂಗಟ್ಟೆ ಹಕ್ಕಿ ಬಂದು ಹಣ್ಣು ತಿನ್ನುವ ಹೊತ್ತಿಗೆ ನಿಮ್ಮ ಕೂದಲು ನನ್ನದರಂತೆ ನೆರೆತಿರುತ್ತದೆ. ಸಿಮೆಂಟಿನ ಮರ ಆರು ತಿಂಗಳಲ್ಲಿ ಎದ್ದು ನಿಲ್ಲುತ್ತದೆ. ಆದರೆ ಅದರಲ್ಲಿ ಹಣ್ಣು ಬಿಡುವುದಿಲ್ಲ.

ಮುಂದಿನ ಸಲ ಹೋದಾಗ

ನಿಮ್ಮಲ್ಲಿ ಆರ್ಕಿಟೆಕ್ಚರ್ ಓದುವವರಿದ್ದೀರಿ, ಎಂಜಿನಿಯರಿಂಗ್, ಪಶುವೈದ್ಯ, ಸಸ್ಯಶಾಸ್ತ್ರ ಓದುವವರಿದ್ದೀರಿ. ಇಂಥ ಮನೆಗೆ ನೀವೆಲ್ಲರೂ ಬೇಕು. ನೀರಿನ ಲೆಕ್ಕ ಒಬ್ಬರದು, ಗಿಡದ ಲೆಕ್ಕ ಇನ್ನೊಬ್ಬರದು, ಪ್ರಾಣಿಯ ಮನಸ್ಸು ಮತ್ತೊಬ್ಬರದು. ಆ ವೃತ್ತಿಗೆ ಹೋಗದಿದ್ದರೂ ಚಿಂತೆಯಿಲ್ಲ, ನೋಡುವವರಾಗಿ ಪ್ರಶ್ನೆ ಕೇಳಬಹುದು. ಮುಂದಿನ ಸಲ ಮುಂಬಯಿಯ ರಾಣಿಬಾಗಿಗೆ, ಪುಣೆಯ ಕಾತ್ರಜಿಗೆ, ಹೈದರಾಬಾದಿನ ನೆಹರು ಜೂಗೆ, ಚೆನ್ನೈಯ ವಂಡಲೂರಿಗೆ, ಎಲ್ಲಿಗೆ ಹೋದರೂ ಸರಿ, ಒಂದು ಪ್ರಾಣಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಅದಕ್ಕೆ ಅಡಗಲು ಜಾಗವಿದೆಯೇ? ತನ್ನ ಸುತ್ತಲಿನ ಗಿಡವನ್ನು ಅದು ಮುಟ್ಟಬಹುದೇ? ರಾತ್ರಿ ಎಲ್ಲಿ ಮಲಗುತ್ತದೆ? ಅದರ ತವರು ಈಗ ಹೇಗಿದೆ ಎಂದು ಫಲಕದಲ್ಲಿ ಬರೆದಿದ್ದಾರೆಯೇ? ಉತ್ತರ ಸಿಗದಿದ್ದರೆ ಅಲ್ಲಿಯ ಅಧಿಕಾರಿಗಳಿಗೆ ಪತ್ರ ಬರೆಯಿರಿ.

ಟೀವಿಯೋ ಎಂದು ಕೇಳಿದ ಆ ಪುಟ್ಟ ಹುಡುಗಿಗೆ ಕೊಡಬೇಕಾದ ಉತ್ತರವೂ ಇದೇ. ಮೃಗಾಲಯ ಎಷ್ಟೇ ಚೆನ್ನಾಗಿದ್ದರೂ ಅದು ಒಂದು ಕಿಟಕಿ. ಕಿಟಕಿಯ ಆಚೆ ನಿಜವಾದ ಜಾಗ ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಈ ರಜೆಯಲ್ಲಿ ಜೋಗ ನೋಡಲು ಹೋಗುವವರು ಹೊನ್ನಾವರದ ದಾರಿಯಲ್ಲಿ ಕತ್ತಲೆಕಾನಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಬಂದ ಮೇಲೆ ಒಂದು ಹಾಳೆಯಲ್ಲಿ ನಿಮ್ಮ ಜೌಗು ಮನೆಯ ನಕ್ಷೆ ಬರೆದು, ಮರ, ಹಕ್ಕಿ, ಪ್ರಾಣಿಗಳ ಹೆಸರುಗಳನ್ನು ಕನ್ನಡದಲ್ಲೇ ತುಂಬಿಸಿ ಸಂಘಕ್ಕೆ ತನ್ನಿ, ಕೂತು ಮಾತಾಡೋಣ. ಸಿಂಗಳೀಕಕ್ಕೆ ಎಲ್ಲರೂ ಜಾಗ ಕೊಡುತ್ತಾರೆ, ನನಗೆ ಗೊತ್ತು. ಕುಂಬಾರ ಕಪ್ಪೆಗೂ ಒಂದು ಮೂಲೆಯಲ್ಲಿ ಸ್ವಲ್ಪ ಕೆಸರು ಬಿಡಿ.